ಬ್ಲಾಕ್ ಮಾರಬೇಡಿ, ಗೋಡೆ ಮಾರಿ

ಪ್ರಶ್ನೆ: ನಮ್ಮದು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್ ಮಾಡುವ ಸಣ್ಣ ಘಟಕ. ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ, ಕೊನೆಗೆ ಸುಟ್ಟ ಇಟ್ಟಿಗೆಯನ್ನೇ ಇಳಿಸಿಕೊಳ್ಳುತ್ತಾರೆ. ಮೇಸ್ತ್ರಿಗಳೇ ಬೇಡ ಅನ್ನಿಸಿಬಿಡುತ್ತಾರೆ. ಸೋಲಾರ್, ಮಳೆನೀರು ಕೊಯ್ಲಿನವರ ಜೊತೆ ಸೇರಿಕೊಂಡು ವ್ಯಾಪಾರ ಮಾಡಿದರೆ ಅನುಕೂಲ ಆಗುತ್ತದೆಯೇ?
– ಓದುಗರು, ತಿಪಟೂರು

ಉತ್ತರ: ಖಂಡಿತ ಸೇರಿ. ಆದರೆ ಮೊದಲು ಕೈಜೋಡಿಸಬೇಕಾದ್ದು ಮೇಸ್ತ್ರಿಯ ಜೊತೆ.

ಮನೆ ಕಟ್ಟಿಸುವವರು ಜೀವಮಾನದ ದುಡ್ಡು ಸುರಿದಿರುತ್ತಾರೆ. ನಾಳೆ ಗೋಡೆ ಬಿರುಕು ಬಿಟ್ಟರೆ ಮೇಸ್ತ್ರಿ ಬ್ಲಾಕ್ ಸರಿಯಿಲ್ಲ ಅಂತಾರೆ, ನೀವು ಕೆಲಸ ಸರಿಯಿಲ್ಲ ಅಂತೀರಿ. ನಡುವೆ ಸಿಕ್ಕಿಕೊಳ್ಳೋದು ಮನೆಯವರು. ಅವರ ಭಯ ಇರೋದೇ ಅಲ್ಲಿ. ಹಾಗಾಗಿ ಒಂದು ಬ್ಲಾಕಿಗೆ ಇಷ್ಟು ಅಂತ ರೇಟ್ ಹೇಳಬೇಡಿ. ಕಟ್ಟಿ ನಿಲ್ಲಿಸಿದ ಗೋಡೆಗೆ ಚದರಡಿ ಲೆಕ್ಕದಲ್ಲಿ ಹೇಳಿ, ನೀವೂ ಮೇಸ್ತ್ರಿಯೂ ಒಂದೇ ಕಾಗದಕ್ಕೆ ಸಹಿ ಹಾಕಿ. ಬಿರುಕು ಬಂದರೆ ಯಾರು ಎಷ್ಟು ಖರ್ಚು ಹೊರಬೇಕು ಅನ್ನೋದೂ ಅದರಲ್ಲಿರಲಿ. ಬಾಯಿಮಾತು ಬೇಡ.

ಮೇಸ್ತ್ರಿ ಹಿಂಜರಿಯೋದರಲ್ಲೂ ನ್ಯಾಯ ಇದೆ. ಗುತ್ತಿಗೆ ಕೆಲಸದಲ್ಲಿ ಕೈ ನಿಧಾನವಾದರೆ ಅವರ ಕೂಲಿಯೇ ಕಡಿಮೆ, ಹೊಸ ಬ್ಲಾಕಿಗೆ ಕೈ ಪಳಗಲು ಸಮಯ ಬೇಕು. ಮೊದಲನೇ ಮನೆಗೆ ದಿನಗೂಲಿ ಕೊಡಿ. ಅದಕ್ಕೂ ಮುಂಚೆ ನಿಮ್ಮ ಅಂಗಳದಲ್ಲೇ ಒಂದು ಗೋಡೆ ಎಬ್ಬಿಸಲಿ. ಬ್ಲಾಕನ್ನು ಒದ್ದೆ ಮಾಡಿಕೊಂಡೇ ಇಡಬೇಕು. ಗಾರೆಗೆ ಒಂದು ಪಾಲು ಸಿಮೆಂಟ್, ಒಂದು ಪಾಲು ಮಣ್ಣು, ಆರು ಪಾಲು ಮರಳು ಸಾಕು. ಸಿಮೆಂಟ್ ಜಾಸ್ತಿಯಾದಷ್ಟೂ ಗಟ್ಟಿ ಅಂತ ಅನೇಕರು ನಂಬಿದ್ದಾರೆ. ಆದರೆ ಗಾರೆ ಬ್ಲಾಕಿಗಿಂತ ಗಟ್ಟಿಯಾದರೆ ಬಿರುಕು ಸಂದಿಯಲ್ಲಿ ನಿಲ್ಲದೆ ಬ್ಲಾಕನ್ನೇ ಸೀಳುತ್ತದೆ. ಇದನ್ನು ಕಣ್ಣಾರೆ ಕಂಡ ಮೇಸ್ತ್ರಿ ನಿಮ್ಮ ಪರವಾಗಿ ನಾಲ್ಕು ಜನಕ್ಕೆ ಹೇಳುತ್ತಾರೆ. ಯಾವ ಜಾಹೀರಾತೂ ಆ ಕೆಲಸ ಮಾಡಲ್ಲ.

ಆಮೇಲೆ ಊರಿನ ಎಂಜಿನಿಯರ್. ಕಮಿಷನ್ ಕೊಡೋಕೆ ಹೋಗಬೇಡಿ, ಅದು ನಿಮ್ಮ ಹೆಸರನ್ನೇ ಕೆಡಿಸುತ್ತದೆ. ನಕ್ಷೆ ಬರೆದದ್ದಕ್ಕೆ ಸರಿಯಾದ ಫೀಸು ಕೊಡಿ. ಬ್ಲಾಕಿನ ಅಳತೆಗೆ ತಕ್ಕಂತೆ ಗೋಡೆ, ಕಿಟಕಿ ಕೂರಿಸಿದರೆ ಬ್ಲಾಕ್ ಒಡೆದು ಹಾಳಾಗೋದು ಎಷ್ಟೋ ತಪ್ಪುತ್ತದೆ. ಈ ಬ್ಲಾಕಿಗೆ ಐಎಸ್ 1725 ಅನ್ನುವ ಭಾರತೀಯ ಮಾನಕವೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಇದರ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದೆ. ನೀರಲ್ಲಿ ನೆನೆಸಿದ ಬ್ಲಾಕ್ ಎಷ್ಟು ಭಾರ ತಾಳುತ್ತದೆ ಅನ್ನುವ ಲ್ಯಾಬ್ ರಿಪೋರ್ಟ್ ಕೈಯಲ್ಲಿಟ್ಟುಕೊಂಡೇ ಎಂಜಿನಿಯರ್ ಹತ್ತಿರ ಹೋಗಿ.

ಮೂರನೆಯದು ಬ್ಯಾಂಕು. 1995ರಲ್ಲಿ ಶುರುವಾದ ಸೋಲಾರ್ ಕಂಪನಿ ಸೆಲ್ಕೋ ಹಳ್ಳಿಮನೆಗಳಿಗೆ ಸೋಲಾರ್ ದೀಪ ಮುಟ್ಟಿಸಿದ್ದು ಹೇಗೆ? ಬ್ಯಾಂಕಿನವರನ್ನು ಒಪ್ಪಿಸಿ ಸಾಲ ಕೊಡಿಸಿತು, ಕೆಟ್ಟರೆ ರಿಪೇರಿಗೆ ಜನ ಇಟ್ಟಿತು. ಕೈಯಲ್ಲಿ ದುಡ್ಡಿಲ್ಲದವರೂ ಕಂತಿನಲ್ಲಿ ಕೊಂಡರು. ನೀವೂ ಮ್ಯಾನೇಜರನ್ನು ಕರೆದುಕೊಂಡು ಬಂದು ಅಂಗಳದ ಆ ಗೋಡೆ ತೋರಿಸಿ. 'ಮಣ್ಣಿನ ಮನೆ' ಅಂತ ಕಾಗದದಲ್ಲಿ ಓದಿ ಸಾಲ ತಳ್ಳಿಹಾಕುವ ಮುಂಚೆ ಅವರು ಅದನ್ನು ಮುಟ್ಟಿ ನೋಡಿರಬೇಕು.

ಇಷ್ಟಾದ ಮೇಲೆ ಸೋಲಾರಿನವರು, ಮಳೆನೀರಿನವರು ಸುಲಭವಾಗಿ ಸೇರುತ್ತಾರೆ. ಮನೆ ತಾರಸಿಗೆ ಸೋಲಾರ್ ಹಾಕಿಸುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಸಾವಿರ ಚದರಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗಿಂತ ಜಾಸ್ತಿ ನೀರು. ತಾರಸಿಯ ಇಳಿಜಾರು, ಪೈಪಿನ ಜಾಗ ನಕ್ಷೆಯಲ್ಲೇ ಇರಲಿ. ಆಮೇಲೆ ಗೋಡೆ ಕೊರೆಯೋದು ಸುಮ್ನೆ ದಂಡ.

ಒಂದು ವಿನಂತಿ. ಕೆರೆ ಮಣ್ಣು, ಹೊಲದ ಮೇಲ್ಮಣ್ಣು ಮುಟ್ಟಬೇಡಿ. ಗಿರಾಕಿಯ ಪಾಯ ಅಗೆದ ಕೆಂಪು ಮಣ್ಣು ಪರೀಕ್ಷೆಯಲ್ಲಿ ಪಾಸಾದರೆ ಮೆಷಿನ್ನನ್ನೇ ಅಲ್ಲಿಗೆ ಸಾಗಿಸಿ. ದೂರದಿಂದ ಲಾರಿಯಲ್ಲಿ ಬ್ಲಾಕ್ ತರಿಸಿ ಅದನ್ನು ಹಸಿರು ಮನೆ ಅನ್ನೋದಕ್ಕೆ ನನ್ನ ಮನಸ್ಸು ಒಪ್ಪಲ್ಲ.

ಪ್ರಶ್ನೆ: ಮಳೆಗೆ ಮಣ್ಣಿನ ಗೋಡೆ ಕರಗಲ್ವಾ?
– ಗೃಹಿಣಿ, ಹಾಸನ

ಉತ್ತರ: ಸಿಮೆಂಟ್ ಬೆರೆಸಿ ಒತ್ತಿ, ಸರಿಯಾಗಿ ಕ್ಯೂರಿಂಗ್ ಆದ (ದಿನಗಟ್ಟಲೆ ಒದ್ದೆಯಾಗಿಟ್ಟು ಗಟ್ಟಿ ಮಾಡಿದ) ಬ್ಲಾಕ್ ಕರಗಲ್ಲ. ಕೊಳ್ಳುವ ಮುಂಚೆ ಒಂದನ್ನು ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಅಂಚನ್ನು ಉಗುರಿನಿಂದ ಕೆರೆದಾಗ ಕೆಸರು ಬಂದರೆ ಆ ಲೋಡ್ ವಾಪಸ್ ಕಳಿಸಿ. ನಿಮ್ಮ ಕಡೆ ಮಳೆ ಜೋರು, ಹಾಗಾಗಿ ಪಾಯ ಕಲ್ಲಿನದಾಗಿರಲಿ, ಸಜ್ಜ ಎರಡಡಿ ಹೊರಗೆ ಚಾಚಲಿ. ಗೋಡೆಯ ಬುಡದಲ್ಲಿ ತೇವ ಕಾಣಿಸಿಕೊಂಡರೆ ಮೊದಲು ನೀರು ಬರುವ ದಾರಿ ಮುಚ್ಚಿಸಿ, ಬಣ್ಣ ಆಮೇಲೆ.