ಇಂಗ್ಲೆಂಡಿನಲ್ಲಿ ಮನೆಪಾಠವನ್ನೇ ವೃತ್ತಿಯಾಗಿಸಿಕೊಳ್ಳುವ ಕುರಿತು

ಪ್ರಿಯ ತಂಗಿಗೆ,

ತುಮಕೂರಿನ ಪಿಯು ಕಾಲೇಜಿನಲ್ಲಿ ಎಂಟು ವರ್ಷ ಗಣಿತ ಪಾಠ ಮಾಡಿ, ಯಜಮಾನರ ಕೆಲಸದ ನಿಮಿತ್ತ ಮೂರು ತಿಂಗಳ ಹಿಂದೆ ರೆಡಿಂಗ್‌ಗೆ ಬಂದಿರುವ ನೀವು, ಇಲ್ಲಿ ಮನೆಪಾಠ ಹೇಳಿಕೊಂಡೇ ಜೀವನ ಸಾಗಿಸಬಹುದೇ, ಅದಕ್ಕೆ ಇಲ್ಲಿಯ ಇನ್ನೊಂದು ಪದವಿ ಬೇಕೇ ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷಗಳಿಂದ ಸ್ಲೌ ಪಟ್ಟಣದಲ್ಲಿ ಇದೇ ಕೆಲಸ ಮಾಡುತ್ತಿರುವ ನಾನು, ಸಾಗಿಸಬಹುದು ಎಂದೇ ಹೇಳುತ್ತೇನೆ. ಆದರೆ ಊರಿನಲ್ಲಿ ಮಾಡುತ್ತಿದ್ದ ಪಾಠವನ್ನೇ ಇಲ್ಲಿಯ ಮಕ್ಕಳಿಗೂ ಮಾಡಿದರಾಯಿತು ಎಂದುಕೊಂಡರೆ ಮೊದಲ ವರ್ಷವೇ ಕೈ ಸುಟ್ಟುಕೊಳ್ಳುತ್ತೀರಿ. ನಾನೂ ಸುಟ್ಟುಕೊಂಡವಳೇ.

ನನ್ನ ಮೊದಲ ವಿದ್ಯಾರ್ಥಿನಿಗೆ ನಾನು ಕೇಳಿದ ಮೊದಲ ಲೆಕ್ಕ ‘ತ್ರೀ ಇಂಟು ಫೋರ್ ಎಷ್ಟು?’ ಎಂಬುದು. ಆ ಹುಡುಗಿ ತುಸು ಯೋಚಿಸಿ, ‘ಒನ್ ಅಂಡ್ ಎ ಥರ್ಡ್’ ಎಂದಳು. ಮಗ್ಗಿಯೂ ಬಾರದ ಮಗು ಎಂದು ಮನಸ್ಸಿನಲ್ಲೇ ನೊಂದುಕೊಂಡೆ. ಇಲ್ಲಿ ‘ತ್ರೀ ಇಂಟು ಫೋರ್’ ಎಂದರೆ ನಾಲ್ಕನ್ನು ಮೂರರಿಂದ ಭಾಗಿಸುವುದು, ಗುಣಿಸುವುದಕ್ಕೆ ‘ಟೈಮ್ಸ್’ ಎನ್ನಬೇಕು ಎಂದು ತಿಳಿದದ್ದು ಒಂದು ವಾರದ ನಂತರ, ಅದೂ ಅವಳ ತಾಯಿಯಿಂದ. ಹುಡುಗಿಯ ಉತ್ತರ ಸರಿಯಾಗಿಯೇ ಇತ್ತು. ಇಲ್ಲಿಯವರು ಬಳಸದ ‘ಲ್ಯಾಕ್’ (ಲಕ್ಷ) ಎಂಬ ಪದವಂತೂ ಈಗಲೂ ಒಮ್ಮೊಮ್ಮೆ ಬಾಯಿತಪ್ಪಿ ಬಂದುಬಿಡುತ್ತದೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಪರೀಕ್ಷೆಯದು. ಹದಿನಾರನೆಯ ವಯಸ್ಸಿನಲ್ಲಿ ಬರೆಯುವ ಜಿಸಿಎಸ್ಇ ಗಣಿತಕ್ಕೆ, ಎಕ್ಯೂಎ ಮತ್ತು ಎಡೆಕ್ಸೆಲ್ ಎಂಬ ಪರೀಕ್ಷಾ ಮಂಡಳಿಗಳಲ್ಲಿ, ಒಂದೂವರೆ ಗಂಟೆಯ, 80 ಅಂಕಗಳ ಮೂರು ಪ್ರಶ್ನೆಪತ್ರಿಕೆಗಳಿದ್ದು, ಮೊದಲನೆಯದರಲ್ಲಿ ಕ್ಯಾಲ್ಕುಲೇಟರ್ ಬಳಸುವಂತಿಲ್ಲ. ‘ಫೌಂಡೇಶನ್’ ಹಂತದಲ್ಲಿ ಕೂತ ಮಗುವಿಗೆ ಎಷ್ಟೇ ಚೆನ್ನಾಗಿ ಬರೆದರೂ 5ಕ್ಕಿಂತ ಹೆಚ್ಚಿನ ಗ್ರೇಡ್ ಸಿಗುವುದಿಲ್ಲ. 9ರವರೆಗೆ ಹೋಗಬೇಕಾದರೆ ‘ಹೈಯರ್’ ಹಂತವನ್ನೇ ತೆಗೆದುಕೊಳ್ಳಬೇಕು. ಉತ್ತರ ತಪ್ಪಾದರೂ ವಿಧಾನಕ್ಕೆ ಅಂಕ ಕೊಡುವುದು ಇಲ್ಲಿಯ ಮೌಲ್ಯಮಾಪನದಲ್ಲಿ ಬಹಳ ಕಟ್ಟುನಿಟ್ಟಾಗಿ ನಡೆಯುತ್ತದೆ. ಆದ್ದರಿಂದ ನಾವು ಹೆಮ್ಮೆಯಿಂದ ಕಲಿಸುವ ಬಾಯಿಲೆಕ್ಕದ ಚಮತ್ಕಾರಗಳು, ಸಾಧಿಸಿ ತೋರಿಸಬೇಕಾದ ಪ್ರಶ್ನೆಗಳಲ್ಲಿ ಮಗುವಿಗೆ ಅಂಕ ಕಳೆಯುತ್ತವೆ. ಎಕ್ಯೂಎ ಮತ್ತು ಎಡೆಕ್ಸೆಲ್ ಮಂಡಳಿಗಳ ಹಳೆಯ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಅವುಗಳನ್ನು ಬಿಡಿಸುವುದು ನಿಮಗೆ ಕಷ್ಟವಲ್ಲ. ಜೊತೆಗಿರುವ ‘ಮಾರ್ಕ್ ಸ್ಕೀಮ್’ ಅನ್ನು ಸಾಲುಸಾಲಾಗಿ ಓದಿ, ಯಾವ ಹೆಜ್ಜೆಗೆ ಯಾವ ಅಂಕ ಎಂಬುದನ್ನು ಮನದಟ್ಟು ಮಾಡಿಕೊಳ್ಳಿ. ಎರಡು ತಿಂಗಳು ಅದಕ್ಕೇ ಕೊಟ್ಟರೂ ನಷ್ಟವಿಲ್ಲ.

ನಮ್ಮವರಿಂದ ನಿಮಗೆ ಮೊದಲು ಬರುವ ಕರೆ ಬಹುಶಃ ಗ್ರಾಮರ್ ಶಾಲೆಗಳ ಪ್ರವೇಶಪರೀಕ್ಷೆಯಾದ ‘ಇಲೆವೆನ್ ಪ್ಲಸ್’ ಕುರಿತದ್ದಾಗಿರುತ್ತದೆ. ಪರೀಕ್ಷೆ ನಡೆಸಿ ಮಕ್ಕಳನ್ನು ಆಯ್ದುಕೊಳ್ಳುವ ಪ್ರೌಢಶಾಲೆಗಳಿವು. ಇಂಗ್ಲೆಂಡಿನಲ್ಲಿ ಒಟ್ಟು 163 ಸರ್ಕಾರಿ ಗ್ರಾಮರ್ ಶಾಲೆಗಳಿವೆ. ಅವುಗಳಲ್ಲಿ ನಾಲ್ಕು ಸ್ಲೌನಲ್ಲಿ, ಎರಡು ನಿಮ್ಮ ರೆಡಿಂಗ್‌ನಲ್ಲೇ ಇವೆ. ಮಕ್ಕಳಿಗೆ ಸುಮಾರು ಹತ್ತು ವರ್ಷವಾಗಿರುವಾಗ, ಶಾಲೆಯ ಆರನೆಯ ವರ್ಷದ (‘ಇಯರ್ 6’) ಆರಂಭದಲ್ಲಿ, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ನಡೆಯುವ ಈ ಪ್ರವೇಶಪರೀಕ್ಷೆಗೆ ಶಾಲೆಯ ನಾಲ್ಕನೆಯ ವರ್ಷದಿಂದಲೇ ತಯಾರಿ ಮಾಡಿಸಬೇಕೆಂದು ಹಟ ಹಿಡಿಯುವ ತಂದೆತಾಯಿಯರಿದ್ದಾರೆ. ಏಳು ವರ್ಷದ ಮಗುವನ್ನು ಕರೆತಂದವರನ್ನು ನಾನು ಹಾಗೆಯೇ ವಾಪಸು ಕಳಿಸಿದ್ದೇನೆ. ಹಣ ಬರುತ್ತಿತ್ತು, ನಿಜ.

ಇನ್ನು ಸಂಪಾದನೆಯ ಮಾತು. ನಾನು ಗಂಟೆಗೆ 20 ಪೌಂಡಿನಿಂದ ಆರಂಭಿಸಿ ಈಗ 40 ಪಡೆಯುತ್ತೇನೆ. ಇದನ್ನು ದಿನಕ್ಕೆ ಎಂಟು ಗಂಟೆಯಿಂದ ಗುಣಿಸಿ ಕನಸು ಕಾಣಬೇಡಿ. ಮಕ್ಕಳು ಸಿಗುವುದು ಶಾಲೆ ಬಿಟ್ಟ ಮೇಲೆ, ಸಂಜೆ ನಾಲ್ಕರಿಂದ ಎಂಟರವರೆಗೆ ಮತ್ತು ಶನಿವಾರ, ಭಾನುವಾರ. ಅಂದರೆ ನಿಮ್ಮ ಮನೆಯವರು ಮನೆಯಲ್ಲಿರುವ ಹೊತ್ತಿನಲ್ಲೇ ನೀವು ಪಾಠದಲ್ಲಿರುತ್ತೀರಿ. ಜೂನ್‌ನಲ್ಲಿ ಪರೀಕ್ಷೆಗಳು ಮುಗಿದರೆ ಸೆಪ್ಟೆಂಬರ್‌ವರೆಗೆ ಹೆಚ್ಚೂಕಡಿಮೆ ಬರಗಾಲ. ಕಾಯಿಲೆ ಬಿದ್ದರೆ ಸಂಬಳವಿಲ್ಲ, ರಜೆಗೂ ಇಲ್ಲ. ಆರಂಭದಲ್ಲಿ ಒಂದು ಟ್ಯೂಷನ್ ಏಜೆನ್ಸಿಯ ಮೂಲಕ ಪಾಠಕ್ಕೆ ಹೋಗುತ್ತಿದ್ದೆ. ಅವರು ಪೋಷಕರಿಂದ ಪಡೆಯುತ್ತಿದ್ದುದರಲ್ಲಿ ಅರ್ಧದಷ್ಟೂ ನನಗೆ ಕೊಡುತ್ತಿರಲಿಲ್ಲ ಎಂಬುದು, ಒಬ್ಬ ತಾಯಿ ತಮ್ಮ ರಸೀದಿ ತೋರಿಸಿದಾಗಲೇ ಗೊತ್ತಾಯಿತು. ಒಪ್ಪಂದದಲ್ಲಿ ಆ ಅಂಕಿ ಎಲ್ಲಿಯೂ ಇರಲಿಲ್ಲ. ನೀವು ಸಹಿ ಹಾಕುವ ಮೊದಲು ಕೇಳಿ. ಕನ್ನಡದವರ ಮನೆಯಲ್ಲಿ ಪಾಠ ಹೇಳುವಾಗಲೂ, ಕಾಫಿ ಕುಡಿದ ದಾಕ್ಷಿಣ್ಯಕ್ಕೆ ಫೀಸು ಕೇಳಲು ಸಂಕೋಚಪಡಬೇಡಿ. ಇಪ್ಪತ್ತನಾಲ್ಕು ಗಂಟೆ ಮೊದಲು ತಿಳಿಸದೆ ಪಾಠ ತಪ್ಪಿಸಿದರೆ ಪೂರ್ಣ ಫೀಸು ಕೊಡಬೇಕು ಎಂಬುದನ್ನು ಮೊದಲ ದಿನವೇ ಬರೆದು ಕೊಡಿ.

ಯಜಮಾನರ ಅವಲಂಬಿತ ವೀಸಾದಲ್ಲಿರುವ ನೀವು ಸ್ವಂತ ಉದ್ಯೋಗ ಮಾಡಬಹುದು. ವಿದ್ಯಾರ್ಥಿ ವೀಸಾದವರಿಗೆ ಆ ಅವಕಾಶವಿಲ್ಲ. ಏಪ್ರಿಲ್ 6ರಿಂದ ಮರುವರ್ಷದ ಏಪ್ರಿಲ್ 5ರವರೆಗಿನ ತೆರಿಗೆ ವರ್ಷದಲ್ಲಿ ನಿಮ್ಮ ಗಳಿಕೆ 1,000 ಪೌಂಡ್ ದಾಟಿದರೆ ತೆರಿಗೆ ಇಲಾಖೆಯಲ್ಲಿ ಸ್ವಯಂ ಉದ್ಯೋಗಿಯೆಂದು ನೋಂದಾಯಿಸಿ, ಜನವರಿ 31ರೊಳಗೆ ಲೆಕ್ಕ ಸಲ್ಲಿಸಬೇಕು. ಪುಸ್ತಕ, ಪ್ರಯಾಣದ ರಸೀದಿಗಳನ್ನು ಎಸೆಯಬೇಡಿ. ಕಾನೂನು ಕೇಳದಿದ್ದರೂ ಪೋಷಕರು ಡಿಬಿಎಸ್ ಪ್ರಮಾಣಪತ್ರ ಕೇಳುತ್ತಾರೆ. ನಿಮ್ಮ ಮೇಲೆ ಅಪರಾಧದ ದಾಖಲೆಯಿಲ್ಲವೆಂದು ತೋರಿಸುವ ಪತ್ರವದು, ಮೊದಲೇ ಮಾಡಿಸಿಟ್ಟುಕೊಳ್ಳಿ.

ಪದವಿಯ ಪ್ರಶ್ನೆಗೆ ಬರುತ್ತೇನೆ. ಮನೆಪಾಠಕ್ಕೆ ಇಲ್ಲಿ ಯಾವ ಶಿಕ್ಷಕ ಪದವಿಯೂ ಕಡ್ಡಾಯವಲ್ಲ. ಸರ್ಕಾರಿ ಶಾಲೆಯಲ್ಲಿ ಕಾಯಂ ಶಿಕ್ಷಕಿಯಾಗುವ ಆಸೆ ಮುಂದೆ ಹುಟ್ಟಿದರೆ ಪಿಜಿಸಿಇ ಎಂಬ ಒಂದು ವರ್ಷದ ಶಿಕ್ಷಕ ತರಬೇತಿ ಮಾಡಿಕೊಳ್ಳಬಹುದು, ಆದರೆ ಅದಕ್ಕೆ ತೆರುವ ಫೀಸು ಸಣ್ಣದಲ್ಲ. ಸದ್ಯಕ್ಕೆ ಇಬ್ಬರು ವಿದ್ಯಾರ್ಥಿಗಳನ್ನು ಮಾತ್ರ ತೆಗೆದುಕೊಂಡು, ಒಂದು ಪೂರ್ತಿ ವರ್ಷ ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಅವರ ಜೊತೆ ನಡೆದು ನೋಡಿ. ನನ್ನ ಶನಿವಾರದ ಪಾಠವೊಂದರಲ್ಲಿ ಹಿಂದೆ ಕುಳಿತು ಗಮನಿಸಬೇಕೆನಿಸಿದರೆ, ಆ ಮಗುವಿನ ತಾಯಿಯ ಒಪ್ಪಿಗೆ ಕೇಳಿ ತಿಳಿಸುತ್ತೇನೆ.