ದೋಣಿ ಇಬ್ಬರದಾದರೆ ಚುಕ್ಕಾಣಿಯೂ ಇಬ್ಬರದು

ಪ್ರಶ್ನೆ: ದಾವಣಗೆರೆಯಲ್ಲಿ ಬಹಳ ವರ್ಷಗಳಿಂದ ಪಂಪ್‌ಸೆಟ್ ಮತ್ತು ಡೀಸೆಲ್ ಎಂಜಿನ್ ರಿಪೇರಿ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ವಯಸ್ಸು 54. ಮಕ್ಕಳಿಬ್ಬರೂ ಕೆಲಸಕ್ಕೆ ಸೇರಿದ್ದಾರೆ. ವರ್ಕ್‌ಶಾಪನ್ನು ತಮ್ಮನಿಗೆ ಒಪ್ಪಿಸಿ, ಒಂದು ಹಾಯಿದೋಣಿ ಕೊಂಡು, ಪತ್ನಿಯೊಂದಿಗೆ ಎರಡು ಮೂರು ವರ್ಷ ಅದರಲ್ಲೇ ವಾಸ ಮಾಡಬೇಕೆಂಬ ಆಸೆ. ಡಿಸೆಂಬರ್ ಹೊತ್ತಿಗೆ ಕೊಚ್ಚಿಯಿಂದ ಹೊರಟು ಶ್ರೀಲಂಕಾ, ಅಲ್ಲಿಂದ ಥಾಯ್ಲೆಂಡ್, ಮಲೇಷ್ಯಾ ಎಂದುಕೊಂಡಿದ್ದೇವೆ. ದೋಣಿ ನಡೆಸುವುದನ್ನು ನಾನು ಕಲಿಯುತ್ತೇನೆ, ಅಡುಗೆ ಮತ್ತು ಒಳಗಿನ ವ್ಯವಸ್ಥೆಯನ್ನು ಪತ್ನಿ ನೋಡಿಕೊಳ್ಳುತ್ತಾಳೆ. ಎಷ್ಟು ದೊಡ್ಡ ದೋಣಿ ಬೇಕು? ನೀರು, ಕರೆಂಟು, ಊಟಕ್ಕೆ ಏನು ಮಾಡಬೇಕು?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ನಾನು ಒಪ್ಪದ ಸಾಲು ಒಂದಿದೆ. ದೋಣಿಯ ಅಳತೆಗಿಂತ ಮೊದಲು ಅದನ್ನೇ ಮಾತನಾಡೋಣ. ದೋಣಿ ನಡೆಸುವುದು ನೀವು, ಅಡುಗೆ ನಿಮ್ಮ ಶ್ರೀಮತಿಯವರು ಎಂಬ ಹಂಚಿಕೆ ಬಂದರಿನಲ್ಲಿ ನಡೆಯುತ್ತದೆ, ನಡುಸಮುದ್ರದಲ್ಲಿ ನಡೆಯುವುದಿಲ್ಲ.

ಇಬ್ಬರೇ ಇರುವ ದೋಣಿಯಲ್ಲಿ ಯಾವ ಹೊತ್ತಿನಲ್ಲೂ ಎಚ್ಚರವಾಗಿರುವವರು ಒಬ್ಬರೇ. ರಾತ್ರಿಯನ್ನು ಮೂರು ಅಥವಾ ನಾಲ್ಕು ಗಂಟೆಯ ಪಾಳಿಗಳಾಗಿ ಹಂಚಿಕೊಳ್ಳುತ್ತಾರೆ. ಒಬ್ಬರು ಮಲಗಿದಾಗ ಇನ್ನೊಬ್ಬರೇ ಆ ದೋಣಿಯ ನಾಯಕರು. ದಿಗಂತದಲ್ಲಿ ಕಾಣಿಸಿದ ದೊಡ್ಡ ಸರಕು ಹಡಗು ಸುಮಾರು 20 ನಿಮಿಷದಲ್ಲಿ ನಿಮ್ಮ ಮೈಮೇಲೆ ಬರಬಹುದು. ಶ್ರೀಲಂಕಾದ ದಕ್ಷಿಣ ತುದಿಯ ದೊಂದ್ರಾ ಭೂಶಿರದ ಆಚೆಗಿರುವ ದಾರಿ ಜಗತ್ತಿನ ಅತಿ ದಟ್ಟಣೆಯ ಹಡಗು ಮಾರ್ಗಗಳಲ್ಲಿ ಒಂದು. ಅಲ್ಲಿ ನಡುರಾತ್ರಿ ನಿಮ್ಮ ಶ್ರೀಮತಿಯವರು ಒಬ್ಬರೇ ಕುಳಿತಿರುವಾಗ, ದೂರದ ಹಡಗಿನ ಕೆಂಪು ದೀಪ ಕಂಡರೆ ಅದು ಯಾವ ಕಡೆಗೆ ಸಾಗುತ್ತಿದೆ, ಹಸಿರು ಕಂಡರೆ ಯಾವ ಕಡೆಗೆ, ಎರಡೂ ಒಟ್ಟಿಗೆ ಕಂಡರೆ ಏನು ಮಾಡಬೇಕು ಎಂಬುದು ಅವರಿಗೆ ಗೊತ್ತಿರಬೇಕು. ಎರಡೂ ಒಟ್ಟಿಗೆ ಕಂಡರೆ ಅದು ನೇರವಾಗಿ ನಿಮ್ಮತ್ತಲೇ ಬರುತ್ತಿದೆ.

ಇನ್ನೊಂದು ಸಂದರ್ಭವನ್ನು ಹೇಳಲು ನನಗೆ ಸಂಕಟವಾಗುತ್ತದೆ, ಆದರೂ ಹೇಳಲೇಬೇಕು. ಡೆಕ್ ಮೇಲೆ ಹಾಯಿ ಸರಿಪಡಿಸುತ್ತಿದ್ದ ನೀವು ಕಾಲು ಜಾರಿ ನೀರಿಗೆ ಬಿದ್ದಿರಿ ಎಂದಿಟ್ಟುಕೊಳ್ಳಿ. ಗಂಟೆಗೆ 5 ನಾಟಿಕಲ್ ಮೈಲಿ ವೇಗದ ದೋಣಿ ಒಂದೇ ನಿಮಿಷದಲ್ಲಿ 150 ಮೀಟರ್ ದಾಟಿರುತ್ತದೆ. ಎರಡು ಮೀಟರ್ ಅಲೆಯಿದ್ದರೆ ನಿಮ್ಮ ತಲೆ ಆಗಲೇ ಕಣ್ಮರೆ. ಶ್ರೀಮತಿಯವರು ತಕ್ಷಣ ರಕ್ಷಣಾ ಬಳೆಯನ್ನು ಎಸೆಯಬೇಕು, ಜಿಪಿಎಸ್‌ನಲ್ಲಿ ಆ ಜಾಗವನ್ನು ಗುರುತು ಮಾಡುವ ಗುಂಡಿ ಒತ್ತಬೇಕು, ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ ನಿಲ್ಲಿಸಬೇಕು. ಎಂಜಿನ್ ಶುರು ಮಾಡುವ ಮೊದಲು ಯಾವುದಾದರೂ ಹಗ್ಗ ನೀರಿಗೆ ಇಳಿಬಿದ್ದಿದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಅದು ಪ್ರೊಪೆಲ್ಲರ್‌ಗೆ ಸುತ್ತಿಕೊಂಡು ಇದ್ದ ಎಂಜಿನ್ನೂ ಕೈಕೊಡುತ್ತದೆ. ಆಮೇಲೆ ಒದ್ದೆ ಬಟ್ಟೆಯ ಭಾರದ ಆಳನ್ನು ಒಬ್ಬರೇ ಮೇಲೆತ್ತಬೇಕು. ಇದಕ್ಕೆ ತೋಳ್ಬಲ ಸಾಲದು, ಹಾಯಿ ಏರಿಸುವ ಹಗ್ಗ ಮತ್ತು ಅದನ್ನು ಸುತ್ತಿ ಎಳೆಯುವ ರಾಟೆಯಾದ ವಿಂಚ್ ಬಳಸಬೇಕು. ಇದನ್ನು ಶಾಂತ ನೀರಿನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿದವರಿಗೂ ಬಿರುಗಾಳಿಯಲ್ಲಿ ಕಷ್ಟ. ಆದ್ದರಿಂದ ಮೊದಲ ನಿಯಮ ಬೀಳದಿರುವುದು. ಕ್ಯಾಬಿನ್‌ನ ಮೆಟ್ಟಿಲು ಹತ್ತಿ ಹೊರಬರುವ ಮುನ್ನವೇ ಮೈಗೆ ಕಟ್ಟಿಕೊಂಡ ರಕ್ಷಣಾ ಪಟ್ಟಿಯ (ಹಾರ್ನೆಸ್) ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಿಕೊಳ್ಳಬೇಕು, ರಾತ್ರಿಯಂತೂ ವಿನಾಯಿತಿಯೇ ಇಲ್ಲ.

ಹೆಂಗಸರಿಂದ ಇದೆಲ್ಲ ಆಗುತ್ತದೆಯೇ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ, ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಮತ್ತು ರೂಪಾ ಎ. ಇಬ್ಬರೇ 56 ಅಡಿಯ 'ತಾರಿಣಿ'ಯಲ್ಲಿ 2024ರ ಅಕ್ಟೋಬರ್‌ನಲ್ಲಿ ಗೋವಾದಿಂದ ಹೊರಟು, ಭೂಮಿಯನ್ನು ಸುತ್ತಿ 2025ರ ಮೇ ತಿಂಗಳಲ್ಲಿ ಮರಳಿದ್ದಾರೆ ಎಂದು ತಿಳಿಸಿ. ನೀವಿಬ್ಬರೂ ಒಟ್ಟಿಗೇ ತರಬೇತಿಗೆ ಸೇರಿ. ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ ರೂಪಿಸಿರುವ ಐದು ದಿನಗಳ ಪ್ರಾಥಮಿಕ ತರಬೇತಿಯೂ ಅದರ ನಂತರದ 'ಡೇ ಸ್ಕಿಪ್ಪರ್' ಹಂತವೂ ಮಲೇಷ್ಯಾ, ಥಾಯ್ಲೆಂಡ್‌ಗಳಲ್ಲಿ ಸಿಗುತ್ತವೆ. ಪ್ರಮಾಣಪತ್ರ ಇಬ್ಬರ ಹೆಸರಿನಲ್ಲೂ ಇರಲಿ.

ಮಲೇಷ್ಯಾದ ಮಾತು ತೆಗೆದದ್ದಕ್ಕೆ ಇನ್ನೊಂದು ಕಾರಣವಿದೆ. ನಿಮ್ಮ ಮಾರ್ಗ ಗಾಳಿಗೆ ಎದುರಾಗಿದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಈಶಾನ್ಯದಿಂದ ಗಾಳಿ ಬೀಸುತ್ತದೆ. ಶ್ರೀಲಂಕಾದಿಂದ ಪೂರ್ವಕ್ಕೆ ಹೊರಟರೆ ದಿನವಿಡೀ ಅಲೆಗೆ ಮೂತಿ ಹೊಡೆದುಕೊಂಡು ಹೋಗಬೇಕು. ನೈಋತ್ಯ ಮಾರುತದ ಕಾಲದಲ್ಲಿ ಗಾಳಿ ಬೆನ್ನಿಗೆ ಸಿಗುತ್ತದೆ ನಿಜ, ಆದರೆ ಆಗಿನ ಸಮುದ್ರ ಹೊಸಬರ ಪಾಲಿನದಲ್ಲ. ಇವೆರಡರ ನಡುವಿನ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಚಂಡಮಾರುತಗಳ ಕಾಲ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಭಟ್ಕಳಕ್ಕೆ ಬಂದಿಳಿಯುತ್ತಿದ್ದದ್ದೂ ಮಾರುತಗಳ ಈ ಲೆಕ್ಕ ಹಿಡಿದೇ.

ಹಾಗಾಗಿ ನನ್ನ ಸಲಹೆ ಇದು: ದೋಣಿಯನ್ನು ಇಲ್ಲಿ ಕೊಳ್ಳಬೇಡಿ. ಮಲೇಷ್ಯಾದ ಲಂಕಾವಿಯಲ್ಲೋ ಥಾಯ್ಲೆಂಡಿನ ಫುಕೆಟ್‌ನಲ್ಲೋ ಬಳಸಿದ ದೋಣಿ ಹುಡುಕಿ. ಜಗತ್ತು ಸುತ್ತುವವರು ಅಲ್ಲಿ ತಂಗುವುದರಿಂದ ಮಾರಾಟಕ್ಕೆ ಬರುವ ದೋಣಿಗಳೂ ಹೆಚ್ಚು, ದುರಸ್ತಿ ಮಾಡುವವರೂ ಇದ್ದಾರೆ. ಒಂದು ವರ್ಷ ಅಲ್ಲಿನ ದ್ವೀಪಗಳ ನಡುವೆಯೇ ವಾಸ ಮಾಡಿ ಕೈ ಪಳಗಿಸಿಕೊಳ್ಳಿ. ಆಮೇಲೆ ಜನವರಿ-ಫೆಬ್ರುವರಿಯಲ್ಲಿ ಬೆನ್ನಗಾಳಿ ಹಿಡಿದು ಪಶ್ಚಿಮಕ್ಕೆ ಬನ್ನಿ. ಶ್ರೀಲಂಕಾದ ಗಾಲೆ ಬಂದರು ಅಲ್ಲಿಂದ ಸುಮಾರು 1,100ರಿಂದ 1,200 ನಾಟಿಕಲ್ ಮೈಲಿ, ದಿನಕ್ಕೆ 120ರಂತೆ ಹತ್ತು ದಿನ. ದೋಣಿಯನ್ನು ಭಾರತಕ್ಕೆ ತಂದು ಇಟ್ಟುಕೊಳ್ಳುವ ವಿಚಾರವಿದ್ದರೆ ಸುಂಕ ಮತ್ತು ನೋಂದಣಿಯ ಬಗ್ಗೆ ಖರೀದಿಗೆ ಮೊದಲೇ ಕಸ್ಟಮ್ಸ್ ಏಜೆಂಟರೊಬ್ಬರನ್ನು ವಿಚಾರಿಸಿ.

ಅಳತೆ 32ರಿಂದ 38 ಅಡಿ ಸಾಕು. ಬ್ರಿಟನ್ನಿನ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದ 'ಸುಹೈಲಿ' 32 ಅಡಿಯದು, ಅದನ್ನು ತೇಗದಲ್ಲಿ ಕಟ್ಟಿದ್ದು ನಮ್ಮ ಮುಂಬೈಯಲ್ಲಿ. ದೋಣಿ ಉದ್ದವಾದಷ್ಟೂ ಹಾಯಿಯ ಭಾರ, ಲಂಗರಿನ ತೂಕ, ಬಂದರಿನ ಬಾಡಿಗೆ ಎಲ್ಲವೂ ಏರುತ್ತವೆ. ವರ್ಷಕ್ಕೆ ದೋಣಿಯ ಬೆಲೆಯ ಹತ್ತನೇ ಒಂದು ಭಾಗ ನಿರ್ವಹಣೆಗೆ ಬೇಕು ಎಂಬುದು ಈ ವಲಯದ ವಾಡಿಕೆಯ ಲೆಕ್ಕ. ಹಳೆಯ ದೋಣಿಗೆ ಇನ್ನೂ ಹೆಚ್ಚಾಗಬಹುದು. ಹಾಯಿಕಂಬವನ್ನು ಹಿಡಿದಿರುವ ಉಕ್ಕಿನ ತಂತಿಗಳನ್ನು ಯಾವಾಗ ಬದಲಿಸಿದ್ದಾರೆ ಎಂದು ತಪ್ಪದೆ ಕೇಳಿ. ಹತ್ತು ಹನ್ನೆರಡು ವರ್ಷ ದಾಟಿದ್ದರೆ ಹೊಸ ತಂತಿಯ ಖರ್ಚನ್ನು ಬೆಲೆಯಿಂದ ಇಳಿಸಿ ಮಾತನಾಡಿ.

ಎಂಜಿನ್ ವಿಷಯದಲ್ಲಿ ನೀವು ಭಾಗ್ಯವಂತರು. ದೋಣಿಯಲ್ಲಿ ವಾಸಿಸುವವರ ಅರ್ಧ ಹಣ, ಅರ್ಧ ನೆಮ್ಮದಿ ಮೆಕ್ಯಾನಿಕ್‌ಗೆ ಕಾಯುವುದರಲ್ಲೇ ಹೋಗುತ್ತದೆ. ನಿಮ್ಮ ಕೈಯಲ್ಲಿರುವ ವಿದ್ಯೆ ಅಲ್ಲಿ ಸಂಪತ್ತು. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಹೊಲದ ಎಂಜಿನ್ ನಿಂತಲ್ಲೇ ನಿಂತಿರುತ್ತದೆ, ದೋಣಿಯದು ಕುಲುಕುತ್ತಲೇ ಇರುತ್ತದೆ. ಟ್ಯಾಂಕಿನ ತಳದಲ್ಲಿ ಕೂತಿದ್ದ ಕೆಸರೆಲ್ಲ ಅಲೆಯ ಹೊಡೆತಕ್ಕೆ ಕದಡಿ ಫಿಲ್ಟರ್‌ಗೆ ಕಟ್ಟುತ್ತದೆ. ಅಲೆ ಜೋರಾಗಿರುವ ಬಂದರಿನ ಬಾಯಲ್ಲೇ, ಎಂಜಿನ್ ಅತ್ಯಗತ್ಯವಾದ ಹೊತ್ತಿನಲ್ಲೇ ಅದು ನಿಲ್ಲುತ್ತದೆ. ಫಿಲ್ಟರ್ ಬದಲಿಸಿ, ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ ಏರ್ ತೆಗೆಯುವುದು ನಿಮಗೆ ಹೇಳಿಕೊಡಬೇಕಾದ ಕೆಲಸವಲ್ಲ. ದಯವಿಟ್ಟು ಶ್ರೀಮತಿಯವರಿಗೆ ಅದನ್ನು ನಿಮ್ಮ ವರ್ಕ್‌ಶಾಪಿನಲ್ಲೇ ಕಲಿಸಿ, ಟಾರ್ಚ್ ಬೆಳಕಿನಲ್ಲಿ ಮಾಡಿಸಿ. ಉಪ್ಪುನೀರು ಎಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ ಮೂರು ನಾಲ್ಕು ಜೊತೆಗಿರಲಿ.

ನೀರಿನ ಲೆಕ್ಕ ನಮ್ಮ ಸೀಮೆಯವರಿಗೆ ಹೊಸದಲ್ಲ. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿಯಿರಿ. ಹತ್ತು ದಿನದ ಪ್ರಯಾಣಕ್ಕೆ ಇಬ್ಬರಿಗೆ 80 ಲೀಟರ್, ಅದರ ಎರಡರಷ್ಟು ತುಂಬಿಕೊಂಡು ಹೊರಡಿ. ಒಂದೇ ಟ್ಯಾಂಕಿನಲ್ಲಿ ಬೇಡ, ಒಂದು ಸೋರಿದರೂ ಕೆಟ್ಟರೂ ಇನ್ನೊಂದು ಉಳಿಯಬೇಕು. ಪಾತ್ರೆ ಸಮುದ್ರದ ನೀರಿನಲ್ಲಿ ತೊಳೆದು ಕೊನೆಗೆ ಒಂದು ಲೋಟ ಸಿಹಿನೀರು ಹಾಯಿಸಿದರೆ ಸಾಕು. ಉಪ್ಪುನೀರನ್ನು ಸಿಹಿಯಾಗಿಸುವ ಯಂತ್ರ ಒಳ್ಳೆಯದೇ, ಆದರೆ ಅದನ್ನು ನಂಬಿ ಟ್ಯಾಂಕ್ ಖಾಲಿ ಬಿಡಬೇಡಿ.

ಕರೆಂಟಿಗೆ ಸೌರಫಲಕ ಮತ್ತು 12 ವೋಲ್ಟ್ ಬ್ಯಾಟರಿ. ಹೆಚ್ಚು ಎಳೆಯುವುದು ಫ್ರಿಜ್ ಮತ್ತು ಚುಕ್ಕಾಣಿಯನ್ನು ತಾನೇ ನಡೆಸುವ ವಿದ್ಯುತ್ ಚಾಲಿತ ಸ್ವಯಂಚಾಲಕ. ಗಾಳಿಯ ಬಲದಿಂದಲೇ ಚುಕ್ಕಾಣಿ ತಿರುಗಿಸುವ ಸಾಧನವೊಂದನ್ನು ದೋಣಿಯ ಹಿಂಬದಿಗೆ ಕೂರಿಸಿದರೆ ಅದಕ್ಕೆ ಒಂದು ವ್ಯಾಟ್ ಕೂಡ ಬೇಡ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಮೊಳಕೆ ಕಟ್ಟಲು ಹೆಸರುಕಾಳು ಒಯ್ಯಿರಿ. ಮಂಡಕ್ಕಿಯನ್ನು ಮಾತ್ರ ಗಾಳಿಯಾಡದ ಡಬ್ಬಿಯಲ್ಲಿಡಿ, ಕಡಲ ಗಾಳಿಗೆ ಅರ್ಧ ದಿನದಲ್ಲಿ ಮೆತ್ತಗಾಗುತ್ತದೆ. ಮುಚ್ಚಳ ಬಿಗಿಯುವ ಪ್ರೆಶರ್ ಕುಕ್ಕರ್‌ಗಿಂತ ಒಳ್ಳೆಯ ಪಾತ್ರೆ ದೋಣಿಗಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ತುಂಬಿ, ಒಂದು ಕಿಡಿಗೆ ಸ್ಫೋಟವಾಗುತ್ತದೆ. ಸಿಲಿಂಡರ್‌ಗೆ ಹೊರಗೆ ತೆರೆಯುವ ಪ್ರತ್ಯೇಕ ಗೂಡಿರಬೇಕು, ಒಲೆ ಆರಿಸಿದಾಗಲೆಲ್ಲ ಸಿಲಿಂಡರ್‌ನ ತಿರುಪನ್ನೂ ಮುಚ್ಚಬೇಕು.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಹಾಯಿದೋಣಿ ಕಲಿಯುವ ಹಂಬಲ. ವಾಣಿವಿಲಾಸ ಸಾಗರದಲ್ಲಿ ಕಲಿಯಬಹುದೇ?
– ವಿದ್ಯಾರ್ಥಿನಿ, ಹಿರಿಯೂರು

ಉತ್ತರ: ಮಾರಿಕಣಿವೆಯ ನೀರು ನೋಡಿದರೆ ಯಾರಿಗಾದರೂ ಹಾಗನ್ನಿಸುತ್ತದೆ. 1933ರ ನಂತರ 2022ರಲ್ಲಿ ಅದು ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಯಿತು. ಆದರೆ ಅನುಮತಿಯಿಲ್ಲದೆ, ರಕ್ಷಣಾ ದೋಣಿಯಿಲ್ಲದೆ ಜಲಾಶಯಕ್ಕೆ ಇಳಿಯಬೇಡಿ. ಗುಡ್ಡಗಳ ನಡುವಿನ ನೀರಿನಲ್ಲಿ ಗಾಳಿ ಒಮ್ಮೆಲೇ ದಿಕ್ಕು ಬದಲಿಸುತ್ತದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. 1985-87ರಲ್ಲಿ ಭೂಮಿ ಸುತ್ತಿದ ನಮ್ಮ ಸೇನಾ ಎಂಜಿನಿಯರುಗಳ ದೋಣಿಯ ಹೆಸರೂ ತೃಷ್ಣಾ. ಮೊದಲು ಅಲ್ಲಿ ವಿಚಾರಿಸಿ. ಒಬ್ಬರೇ ಕೂರುವ ಪುಟ್ಟ ದೋಣಿಯಲ್ಲೇ ಕಲಿಕೆ ಆರಂಭಿಸಿ. ಹಗ್ಗ ಒಂದು ಗೇಣು ಹೆಚ್ಚು ಎಳೆದರೂ ಅದು ಮಗುಚಿಕೊಳ್ಳುತ್ತದೆ, ಹಾಗಾಗಿ ಗಾಳಿಯ ಅಂದಾಜು ಮೈಗೆ ಬೇಗ ಹತ್ತುತ್ತದೆ. ಅದಕ್ಕೂ ಮೊದಲು ಈಜು ಚೆನ್ನಾಗಿ ಕಲಿಯಿರಿ. ಓದು ಮುಗಿದ ಮೇಲೆ ನೌಕಾಪಡೆ ಸೇರುವ ಮನಸ್ಸಿದ್ದರೆ ಅದಕ್ಕಿಂತ ಒಳ್ಳೆಯ ದಾರಿ ಈ ದೇಶದಲ್ಲಿಲ್ಲ. 2017-18ರಲ್ಲಿ ಆರು ಮಹಿಳಾ ಅಧಿಕಾರಿಗಳು ತಾರಿಣಿಯಲ್ಲಿ ಭೂಮಿ ಸುತ್ತಿ ಬಂದದ್ದು ನೌಕಾಪಡೆಯಿಂದಲೇ.

ಪ್ರಶ್ನೆ: ಮಗ ಗೆಳೆಯರೊಂದಿಗೆ ಗೋವಾದಿಂದ ಮಾಲ್ಡೀವ್ಸ್‌ಗೆ ಹಾಯಿದೋಣಿಯಲ್ಲಿ ಹೊರಟಿದ್ದಾನೆ. ಸ್ಯಾಟಲೈಟ್ ಫೋನ್ ಕೊಡಿಸಿದರೆ ದಿನಾ ಮಾತನಾಡಬಹುದಲ್ಲವೇ?
– ತಾಯಿಯೊಬ್ಬರು, ಚಳ್ಳಕೆರೆ

ಉತ್ತರ: ಅಮ್ಮಾ, ಅವಸರದಲ್ಲಿ ಕೊಡಿಸಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಥುರಾಯಾ, ಇರಿಡಿಯಂ ಫೋನ್‌ಗಳನ್ನು ಭಾರತದಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಅಂಗೈಯಗಲದ ಸಾಧನ ಜೊತೆಗಿಟ್ಟುಕೊಂಡ ಪ್ರವಾಸಿಗಳನ್ನೂ ವಿಮಾನ ನಿಲ್ದಾಣಗಳಲ್ಲಿ ಬಂಧಿಸಿದ್ದಾರೆ. ದೋಣಿಯ ಮಾಲೀಕರ ಬಳಿ ಅನುಮತಿ ಪಡೆದ ಸಾಧನವಿದೆಯೇ ಎಂದು ಮಗನ ಮೂಲಕ ಕೇಳಿ.

ಅದಕ್ಕಿಂತ ಮುಖ್ಯವಾದದ್ದು ಇಪಿರ್ಬ್ ಎಂಬ ತುರ್ತು ಸಂಕೇತದ ಉಪಕರಣ. ಅಪಾಯದಲ್ಲಿ ಅದನ್ನು ಚಾಲೂ ಮಾಡಿದರೆ 406 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಉಪಗ್ರಹಕ್ಕೆ ಹೋಗುತ್ತದೆ. ನಮ್ಮ ಸಮುದ್ರ ವಲಯದ ಸಂಕೇತಗಳನ್ನು ಹಿಡಿಯುವ ಇಸ್ರೋ ಕೇಂದ್ರ ಬೆಂಗಳೂರಿನಲ್ಲೇ ಇದೆ, ಅಲ್ಲಿಂದ ಕರಾವಳಿ ಕಾವಲು ಪಡೆಗೆ ಸುದ್ದಿ ಮುಟ್ಟುತ್ತದೆ. ಆ ಉಪಕರಣ ನೋಂದಣಿಯಾಗಿರಬೇಕು, ಬ್ಯಾಟರಿಯ ಅವಧಿ ಮುಗಿದಿರಬಾರದು.

ಹೊರಡುವ ಮುನ್ನ ಮಗನಿಂದ ಒಂದು ಹಾಳೆ ಬರೆಸಿಕೊಳ್ಳಿ: ದೋಣಿಯ ಹೆಸರು, ಬಣ್ಣ, ಉದ್ದ, ಹಾಯಿಯ ಮೇಲಿನ ಸಂಖ್ಯೆ, ಒಳಗಿರುವವರೆಲ್ಲರ ಹೆಸರು, ಇಪಿರ್ಬ್ ಸಂಖ್ಯೆ, ಹೊರಡುವ ದಿನ, ತಲುಪುವ ದಿನ ಮತ್ತು 'ಈ ದಿನದವರೆಗೂ ಸುದ್ದಿ ಬಾರದಿದ್ದರೆ ತಿಳಿಸು' ಎಂಬ ಕೊನೆಯ ದಿನ. ಗಾಳಿ ಸತ್ತರೆ ದೋಣಿ ಎರಡು ಮೂರು ದಿನ ತಡವಾಗುವುದು ಸಾಮಾನ್ಯ, ಅಷ್ಟಕ್ಕೆ ಎದೆ ಒಡೆದುಕೊಳ್ಳಬೇಡಿ. ಕೊನೆಯ ದಿನವೂ ದಾಟಿದರೆ ಮಾತ್ರ ಕಾಯದೆ ಕರಾವಳಿ ಕಾವಲು ಪಡೆಯ 1554 ಸಂಖ್ಯೆಗೆ ಕರೆ ಮಾಡಿ, ಹಾಳೆಯಲ್ಲಿರುವುದನ್ನು ಒಂದೊಂದಾಗಿ ಓದಿ ಹೇಳಿ.