ಕೊಳದ ನೀರು ಬಾಯ್ಲರಿನೊಳಗೆ ಹೋಗಬಾರದು

ಅಮೆರಿಕದ ಮಿನ್ನೆಸೋಟದ ಮನೆಯ ಹಿತ್ತಲಿನಲ್ಲಿರುವ, ಮನೆಯನ್ನು ಬೆಚ್ಚಗಿಡುವ ಸೌದೆ ಬಾಯ್ಲರಿನಿಂದ 60,000 ಲೀಟರಿನ ಈಜುಕೊಳವನ್ನೂ ಬಿಸಿ ಮಾಡಬಹುದೇ, ಕೊಳದ ನೀರನ್ನು ನೇರವಾಗಿ ಅದರೊಳಗೆ ಹರಿಸಬಹುದೇ ಎಂದು ಕೇಳಿದ್ದೀರಿ. ಬಿಸಿ ಮಾಡಬಹುದು. ನೇರವಾಗಿ ಮಾತ್ರ ದಯವಿಟ್ಟು ಹರಿಸಬೇಡಿ. ಕ್ಲೋರಿನ್ ಬೆರೆತ ನೀರು ಬಾಯ್ಲರಿನ ಉಕ್ಕನ್ನು ತಿಂದುಹಾಕುತ್ತದೆ. ನಡುವೆ ಶಾಖ ವಿನಿಮಯಕ ಇರಲೇಬೇಕು. ಅದರಲ್ಲಿ ಕೊಳವೆಯ ಒಳಗೊಂದು ನೀರು, ಹೊರಗೊಂದು ನೀರು. ಬಿಸಿ ದಾಟುತ್ತದೆ, ನೀರು ಬೆರೆಯುವುದಿಲ್ಲ. ಉಪ್ಪುನೀರಿನ ಕೊಳವಾದರೆ ಟೈಟಾನಿಯಂನದೇ ತೆಗೆದುಕೊಳ್ಳಿ. ಫಿಲ್ಟರ್ ದಾಟಿದ ಮೇಲೆ, ಕ್ಲೋರಿನ್ ಸೇರುವ ಜಾಗಕ್ಕಿಂತ ಮೊದಲು ಕೂರಿಸಿ.

ಹೆಚ್ಚಿನವರು ಮರೆಯುವ ಸಂಗತಿ ಇನ್ನೊಂದಿದೆ. ಬಾಯ್ಲರಿಗೆ ಮರಳುವ ನೀರು 60 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಉರಿಗೂಡಿನ ಒಳಗೋಡೆ ಬೆವರುತ್ತದೆ, ಟಾರಿನಂಥ ಕಪ್ಪು ಜಿಡ್ಡು ಕಟ್ಟುತ್ತದೆ, ಅದರಡಿ ತುಕ್ಕು ಹಿಡಿಯುತ್ತದೆ. ತಣ್ಣನೆಯ ಕೊಳ ಬಿಸಿಯನ್ನು ಎಳೆಯುವ ವೇಗಕ್ಕೆ ಇದು ಆಗಿಯೇ ಆಗುತ್ತದೆ. ಮರಳುವ ನೀರಿಗೆ ಬಿಸಿನೀರು ಬೆರೆಸುವ ಥರ್ಮೋಸ್ಟ್ಯಾಟಿಕ್ ಕವಾಟವನ್ನು (ಬಿಸಿ ನೋಡಿ ತಾನೇ ತೆರೆದು ಮುಚ್ಚುವಂಥದ್ದು) ಹಾಕಿಸಲೇಬೇಕು.

ಸೌದೆಯ ಲೆಕ್ಕ: ನಿಮ್ಮ ಕೊಳವನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 70 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಬೇಕು. ಬಾಯ್ಲರಿನ ನಷ್ಟ ಸೇರಿಸಿದರೆ 30–35 ಕಿಲೋ ಒಣ ಸೌದೆ. ಕೊಳದ ಬಿಸಿಯ ಬಹುಪಾಲು ಆವಿಯಾಗಿಯೇ ಹೋಗುವುದರಿಂದ, ಪೈಪಿನ ಕೆಲಸಕ್ಕೆ ಕೈಹಾಕುವ ಮೊದಲು ಕೊಳಕ್ಕೊಂದು ಒಳ್ಳೆಯ ಹೊದಿಕೆ ಕೊಳ್ಳಿ.